ಉಳವಿಯ ದಾರಿಯಲ್ಲಿ ಆಸರೆಯ ಊರು

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರ ಮನಸ್ಸು ತಾನಾಗಿಯೇ ಉಳವಿಯತ್ತ ಹೊರಳುತ್ತದೆ. ಹಿರಿಯರು ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಭಜನೆ ಮಾಡುತ್ತ ಹೋಗುತ್ತಿದ್ದ ಆ ಯಾತ್ರೆ ಇಂದಿಗೂ ನಿಂತಿಲ್ಲ. ನಾವು ಮಾತ್ರ ಜಾತ್ರೆಯ ಜನಸಂದಣಿಗೆ ಅಂಜಿ, ಎಂಟು ದಿನ ಮುಂಚಿತವಾಗಿಯೇ ಜೀಪು ಮಾಡಿಕೊಂಡು ಹೊರಟೆವು. ಮನೆಯವರು, ಮಕ್ಕಳು, ಎಂಬತ್ತರ ಗಡಿ ದಾಟಿದ ನಮ್ಮ ಸೋದರಮಾವ, ಜೊತೆಗೆ ವಕೀಲಿ ವೃತ್ತಿಯಲ್ಲಿರುವ ಬಂಧುವೊಬ್ಬರು, ಹೀಗೆ ಒಟ್ಟು ಎಂಟು ಜನ.

ಧಾರವಾಡದಿಂದ ಹಳಿಯಾಳದ ಮೇಲೆ ಹೋಗುವುದು ನೇರದ ದಾರಿ. ಆದರೆ ಮಕ್ಕಳಿಗೆ ಮುಂಡಗೋಡದ ಟಿಬೆಟನ್ ಕ್ಯಾಂಪ್ ನೋಡುವ ಹಂಬಲ. ಆದ್ದರಿಂದ ಹುಬ್ಬಳ್ಳಿಯಿಂದ ತಡಸ ಮಾರ್ಗವಾಗಿ ಮುಂಡಗೋಡ, ಅಲ್ಲಿಂದ ಯಲ್ಲಾಪುರ, ದಾಂಡೇಲಿ ಹಾಯ್ದು ಉಳವಿ ಎಂದು ನಿಶ್ಚಯಿಸಿದೆವು. ಸುತ್ತಿನ ದಾರಿಯೆಂದು ಮಾವನವರು ಗೊಣಗಿದರು. ಆ ಸುತ್ತು ನಮಗೆ ಏನನ್ನು ತೋರಿಸಿತೆಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ತಡಸ ದಾಟಿದ ಮೇಲೆ ಬಯಲುಸೀಮೆಯ ಕರಿಮಣ್ಣು ಹಿಂದೆ ಸರಿದು, ಕೆಮ್ಮಣ್ಣೂ ತೇಗದ ಮರಗಳೂ ಎದುರಾಗುತ್ತವೆ. ಮುಂಡಗೋಡ ಪಟ್ಟಣ ಇತರ ತಾಲೂಕು ಸ್ಥಳಗಳಂತೆಯೇ ಇದೆ. ಆದರೆ ಅಲ್ಲಿಂದ ಕೆಲವೇ ಕಿಲೋಮೀಟರು ಸಾಗಿದರೆ, ಗೋವಿನಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಹಾರಾಡುತ್ತವೆ. ಬಂಗಾರ ಬಣ್ಣದ ಮಾಡುಗಳುಳ್ಳ ಮಠಗಳು ಕಾಣುತ್ತವೆ. ಕಡುಗೆಂಪು ವಸ್ತ್ರ ಹೊದ್ದ ಬಾಲಭಿಕ್ಷುಗಳು ಚಪ್ಪಲಿ ಸಪ್ಪಳ ಮಾಡುತ್ತ ಪಾಠಕ್ಕೆ ಓಡುತ್ತಾರೆ. 1966ರಲ್ಲಿ ಸ್ಥಾಪಿತವಾದ ಈ ನೆಲೆಗೆ ಟಿಬೆಟನ್ನರು ಇಟ್ಟ ಹೆಸರು ಡೋಗುಲಿಂಗ್. ನಮ್ಮ ಜನರ ಬಾಯಲ್ಲಿ ಅದು ಕ್ಯಾಂಪು. ಗಾಂಡೆನ್ ಮಠವಿರುವುದು ಒಂದನೆಯ ಲಾಮಾ ಕ್ಯಾಂಪು, ಡ್ರೆಪುಂಗ್ ಮಠವಿರುವುದು ಎರಡನೆಯದು. ಲ್ಹಾಸಾದ ಸುತ್ತಮುತ್ತ ಐದುನೂರು ವರ್ಷಕ್ಕೂ ಮೇಲ್ಪಟ್ಟು ಬೆಳಗಿದ ಮಹಾವಿದ್ಯಾಪೀಠಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡಂಚಿನಲ್ಲಿ ಮರುಹುಟ್ಟು ಪಡೆದಿವೆ.

ಡ್ರೆಪುಂಗ್ ಮಠದ ಪ್ರಾಂಗಣದಲ್ಲಿ ಭಿಕ್ಷುಗಳು ತರ್ಕವಾದ ನಡೆಸಿದ್ದರು. ಒಬ್ಬ ನೆಲದ ಮೇಲೆ ಕುಳಿತಿರುತ್ತಾನೆ; ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಉತ್ತರ ಕೇಳುತ್ತಾನೆ. ನಮ್ಮ ಮಕ್ಕಳು ಇದನ್ನು ಜಗಳವೆಂದೇ ತಿಳಿದರು. ಅನುಭವ ಮಂಟಪದಲ್ಲಿಯೂ ಹೀಗೆಯೇ ಪ್ರಶ್ನೋತ್ತರ ನಡೆಯುತ್ತಿತ್ತೆಂದು ಹೇಳಿ ನಾವು ಅವರನ್ನು ಸುಮ್ಮನಾಗಿಸಿದೆವು.

ಮಠದಿಂದ ಹೊರಬಂದು, ಸಾಲುಮನೆಗಳಿರುವ ಕ್ಯಾಂಪಿನ ಬೀದಿಯಲ್ಲಿ ನೆರಳು ಹುಡುಕುತ್ತ ನಿಂತಾಗ, ಜಗಲಿಯ ಮೇಲೆ ಜಪಮಾಲೆ ಎಣಿಸುತ್ತ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಕರೆದರು: “ಬರ್ರಿ, ಒಳಗ ಬರ್ರಿ. ಹಿರಿಯಾರ್ನ ಬಿಸಲಾಗ ನಿಲ್ಲಸ್ಬ್ಯಾಡ್ರಿ.” ಅಪ್ಪಟ ಹುಬ್ಬಳ್ಳಿ ಸೀಮೆಯ ಕನ್ನಡ! ನಮ್ಮ ಮಾವನವರು ಬೆರಗಾಗಿ ಒಂದು ಕ್ಷಣ ನಿಂತೇ ಬಿಟ್ಟರು. ಒಳಗೆ ಹೋದೆವು. ನೀರು ಬಂತು, ಚಹಾ ಬಂತು. ಬೆಣ್ಣೆ ಉಪ್ಪು ಹಾಕಿದ ತಮ್ಮ ಚಹಾ ನಮಗೆ ರುಚಿಸಲಿಕ್ಕಿಲ್ಲವೆಂದು ಅವರ ಮೊಮ್ಮಗಳು ನಮಗಾಗಿ ಬೇರೆ ಸಕ್ಕರೆ ಚಹಾ ಮಾಡಿದ್ದಳು.

ಆ ಅಜ್ಜನವರ ಕಥೆಯನ್ನು ಅವರ ಮಾತಿನಿಂದಲೇ ಕೇಳಿದೆವು. 1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲೈಲಾಮಾ ಅವರು ಹಿಮಾಲಯ ದಾಟಿ ಭಾರತಕ್ಕೆ ಬಂದಾಗ ಇವರಿಗೆ ಏಳೆಂಟು ವರ್ಷ. ಹಿಂದೆಯೇ ಸಾವಿರಾರು ಕುಟುಂಬಗಳು ಗುಳೆ ಹೊರಟವು. ಹಗಲು ಬಂಡೆಗಳ ಮರೆಯಲ್ಲಿ ಅಡಗಿ, ರಾತ್ರಿ ಮಂಜಿನಲ್ಲಿ ನಡೆದು ಇವರ ತಾಯಿ ಮಗನನ್ನು ಗಡಿ ದಾಟಿಸಿದಳು. ಆಮೇಲೆ ಹಿಮಾಚಲದ ಬೆಟ್ಟಗಳಲ್ಲಿ ರಸ್ತೆ ಕೆಲಸ. ತಾಯಿ ಕಲ್ಲು ಒಡೆಯುವಳು, ಮಗ ಜಲ್ಲಿ ಹೊರುವನು. ಮೈಸೂರು ರಾಜ್ಯದಲ್ಲಿ ಭೂಮಿ ಕೊಡುತ್ತಾರೆಂಬ ಸುದ್ದಿ ಬಂದಾಗ ರೈಲು ಹತ್ತಿ ಹುಬ್ಬಳ್ಳಿಗೆ ಬಂದರು. ಅಲ್ಲಿಂದ ಲಾರಿಯಲ್ಲಿ ಈ ಕಾಡಿಗೆ. “ಬಂದಾಗ ಇಲ್ಲಿ ಏನೂ ಇರಲಿಲ್ರೀ. ಡೇರೆ ಹಾಕಿದ್ವಿ. ಸೆಕಿ ಅಂದ್ರ ಏನಂತ ನಮಗ ಗೊತ್ತಿರಲಿಲ್ಲ. ನಮ್ಮವ್ವ ಎರಡ ಬ್ಯಾಸಿಗಿ ತಡದ್ಲು, ಮೂರನೇದಕ್ಕ ಹೋದ್ಲು” ಎಂದು ಅಜ್ಜನವರು ಜಪಮಾಲೆಯನ್ನು ಮಡಿಲಿಗಿಳಿಸಿದರು.

ಭಿಕ್ಷುಗಳ ಪಾಡು ಇದಕ್ಕಿಂತ ಸುಖದ್ದೇನೂ ಆಗಿರಲಿಲ್ಲ. ಅವರಲ್ಲಿ ಅನೇಕರನ್ನು ಮೊದಲು ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಹಳೆಯ ಬಂದೀಖಾನೆಯಲ್ಲಿ ಇರಿಸಲಾಗಿತ್ತು. ಸುಮಾರು ಹತ್ತು ವರ್ಷ ಅಲ್ಲಿಯೇ ಅವರ ಅಧ್ಯಯನ ನಡೆಯಿತು. ಕ್ಷಯರೋಗಕ್ಕೆ ಬಹಳ ಮಂದಿ ಬಲಿಯಾದರು. ಉಳಿದವರು 1969ರ ಹೊತ್ತಿಗೆ, ಬೆನ್ನ ಮೇಲೆ ಹೊತ್ತು ತಂದಿದ್ದ ಗ್ರಂಥಗಳೊಡನೆ ಮುಂಡಗೋಡಕ್ಕೂ ಬೈಲಕುಪ್ಪೆಗೂ ಬಂದು ನೆಲೆಸಿದರು.

ನಮ್ಮ ನಾಡು ಇವರಿಗೆ ಬಾಗಿಲು ತೆರೆದ ಸಂಗತಿಯನ್ನು ನಮ್ಮ ಮಕ್ಕಳು ತಿಳಿಯಬೇಕು. ನೆಹರೂ ಅವರು ರಾಜ್ಯಗಳಿಗೆ ಭೂಮಿ ಕೇಳಿದಾಗ ಮೈಸೂರು ರಾಜ್ಯ ಮುಂದೆ ಬಂದು, ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960ರ ಸುಮಾರಿಗೆ ಅಲ್ಲಿ ಮೊದಲ ನೆಲೆ ತಲೆಯೆತ್ತಿದಾಗ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಬಿ. ಡಿ. ಜತ್ತಿಯವರು. ಮುಂಡಗೋಡದಲ್ಲಿ ನಾಲ್ಕು ಸಾವಿರ ಎಕರೆಯಷ್ಟು ಭೂಮಿ ದೊರೆತ ಕಾಲಕ್ಕೆ ಶ್ರೀ ಎಸ್. ನಿಜಲಿಂಗಪ್ಪನವರು. ದಲೈಲಾಮಾ ಅವರು ನಿಜಲಿಂಗಪ್ಪನವರ ಉಪಕಾರವನ್ನು ಅನೇಕ ಸಭೆಗಳಲ್ಲಿ ನೆನೆದಿದ್ದಾರೆ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಟಿಬೆಟನ್ನರು ಕರ್ನಾಟಕಕ್ಕೆ ಕೃತಜ್ಞತೆ ಸಲ್ಲಿಸಲೆಂದೇ ಸಮಾರಂಭ ಏರ್ಪಡಿಸಿದ್ದರು. ಮುಂದೆ ಹುಣಸೂರು ತಾಲೂಕಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲಿಯೂ ಇವರ ನೆಲೆಗಳಾದವು. ಇಂದು ನಮ್ಮ ಗ್ರಾಮೀಣ ಮಹಿಳೆಯರ ಸ್ವಸಹಾಯ ಸಂಘಗಳ ಮೂಲಕ ಹೆಸರಾಗಿರುವ ಮೈರಾಡ ಸಂಸ್ಥೆ ಕೂಡ 1968ರಲ್ಲಿ ಹುಟ್ಟಿದ್ದು ಈ ಟಿಬೆಟನ್ನರ ಪುನರ್ವಸತಿಗಾಗಿಯೇ.

ನಮ್ಮ ಮಾವನವರು ಇಷ್ಟು ಹೊತ್ತು ಕೇಳಿ, ಮನಸ್ಸಿನಲ್ಲಿದ್ದುದನ್ನು ಆಡಿಯೇ ಬಿಟ್ಟರು: “ತಪ್ಪ ತಿಳಿಬ್ಯಾಡ್ರಿ ಅಜ್ಜಾರ. ನಮ್ಮಲ್ಲಿ ಎಷ್ಟೋ ರೈತರಿಗೆ ಎರಡ ಎಕರೆ ಹೊಲಾ ಇಲ್ಲ. ಹೊರಗಿಂದ ಬಂದವರಿಗೆ ಸಾವಿರಗಟ್ಲೆ ಎಕರೆ ಅಂದ್ರ, ಮಂದಿ ಕೇಳೂದಿಲ್ಲೇನು?” ನಮಗೆ ಸಂಕೋಚದಿಂದ ತಲೆ ತಗ್ಗಿತು. ಅಜ್ಜನವರು ಬೇಸರಿಸಲಿಲ್ಲ. “ಕೇಳ್ತಾರ್ರೀ. ಕೇಳೂದು ಖರೇನ ಐತಿ” ಎಂದರು. ಆಮೇಲೆ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು, ಅದರೊಳಗಿನ ಮಡಚಿದ ಕಾಗದವನ್ನು ವಕೀಲ ಬಂಧುಗಳ ಕೈಗಿತ್ತರು.

ಅದು ಅವರ ನೋಂದಣಿ ಪ್ರಮಾಣಪತ್ರ. ಆರ್‌ಸಿ ಎನ್ನುತ್ತಾರೆ. ಟಿಬೆಟನ್ ನಿರಾಶ್ರಿತನು ಭಾರತದಲ್ಲಿ ವಾಸಿಸಲು ಇದೇ ಆಧಾರ. ಹಿಂದೆ ವರ್ಷಕ್ಕೊಮ್ಮೆ ನವೀಕರಿಸಬೇಕಾಗಿತ್ತು. ಬಹುಕಾಲದಿಂದ ನೆಲೆಸಿದವರಿಗೆ ಈಗ ಐದು ವರ್ಷಕ್ಕೊಮ್ಮೆ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ ಬೇರೆ. ಸರಕಾರ ಕೊಟ್ಟ ಭೂಮಿ ಗೇಣಿಯದು. ಉಳಬಹುದು, ಉಣ್ಣಬಹುದು, ಮಾರುವಂತಿಲ್ಲ. ಮೊದಲು ಬಂದವರಿಗೆ ಕುಟುಂಬಕ್ಕೆ ಕೆಲವೇ ಎಕರೆ ದೊರೆತವು. ಮಕ್ಕಳು ಮೊಮ್ಮಕ್ಕಳಾದರು, ಭೂಮಿ ಬೆಳೆಯಲಿಲ್ಲ. ಅದಕ್ಕೆಂದೇ ಚಳಿಗಾಲ ಬಂತೆಂದರೆ ಇವರು ಊರೂರಿನ ಬೀದಿಬದಿಗಳಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. “ಇಷ್ಟ ವರ್ಷದಾಗ ಈ ಕಾಗದ ಒಮ್ಮಿನೂ ಕಳಕೊಂಡಿಲ್ರೀ. ಅದನ್ನ ಕಳಕೊಂಡ್ರ ನಾ ಯಾರೂ ಅಲ್ಲ” ಎಂದು ಅಜ್ಜನವರು ನಕ್ಕರು. ಮಾವನವರಿಗೆ ನಗೆ ಬರಲಿಲ್ಲ.

ಜೀಪಿನಲ್ಲಿ ಯಲ್ಲಾಪುರದ ಕಡೆಗೆ ಹೊರಟಾಗ ಇದೇ ವಿಷಯ ಮುಂದುವರಿಯಿತು. ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ಇಲ್ಲವೆಂಬ ಮಾತನ್ನು ವಕೀಲರ ಬಾಯಿಂದ ಕೇಳಿ ನಮಗೆ ಆಶ್ಚರ್ಯವಾಯಿತು. ನಿರಾಶ್ರಿತರ ರಕ್ಷಣೆಗಾಗಿ 1951ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಗೂ 1967ರ ಅದರ ಪೂರಕ ಒಡಂಬಡಿಕೆಗೂ ಭಾರತ ಸಹಿ ಹಾಕಿಲ್ಲ. ಪ್ರಾಣಭಯವಿರುವ ದೇಶಕ್ಕೆ ಯಾರನ್ನೂ ಮರಳಿ ಅಟ್ಟಬಾರದೆಂಬುದು ಆ ಒಡಂಬಡಿಕೆಯ ತಿರುಳು. ನಮ್ಮಲ್ಲಿ 1946ರ ವಿದೇಶೀಯರ ಕಾಯಿದೆಯೇ ಬಹುಕಾಲ ನಡೆದುಬಂತು. ಅದರ ಸ್ಥಾನದಲ್ಲಿ ವಲಸೆ ಮತ್ತು ವಿದೇಶೀಯರ ಕಾಯಿದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಕಾಯಿದೆಯ ಕಣ್ಣಿಗೆ ಪ್ರವಾಸಕ್ಕೆ ಬಂದವನೂ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದವನೂ ಮೂಲತಃ ಒಂದೇ, ಇಬ್ಬರೂ ವಿದೇಶೀಯರು. ಯಾವ ಗುಂಪಿಗೆ ಯಾವ ರಿಯಾಯಿತಿ ಎಂಬುದು ಸರಕಾರದ ಆದೇಶಗಳಿಂದ ನಿರ್ಧಾರವಾಗುತ್ತದೆ. ಟಿಬೆಟನ್ನರಿಗಾಗಿ ಕೇಂದ್ರ ಸರಕಾರ 2014ರಲ್ಲಿ ಪುನರ್ವಸತಿ ನೀತಿಯೊಂದನ್ನು ಹೊರಡಿಸಿತು. ಆದರೆ ನೀತಿ ಬೇರೆ, ಶಾಸನದ ಹಕ್ಕು ಬೇರೆ.

“ಹಂಗಾದ್ರ ಅವರಿಗೆ ಕೋರ್ಟೂ ಇಲ್ಲೇನು?” ಎಂದು ಮಾವನವರು ಕೇಳಿದರು.

ಇದೆ. ನಮ್ಮ ಸಂವಿಧಾನದ 19ನೆಯ ಅನುಚ್ಛೇದದ ಸ್ವಾತಂತ್ರ್ಯಗಳು ನಾಗರಿಕರಿಗಷ್ಟೇ ಮೀಸಲು. ಆದರೆ ಸಮಾನತೆಯ 14ನೆಯ ಅನುಚ್ಛೇದ, ಜೀವ ಮತ್ತು ಸ್ವಾತಂತ್ರ್ಯದ 21ನೆಯ ಅನುಚ್ಛೇದಗಳಲ್ಲಿ ‘ನಾಗರಿಕ’ ಎಂಬ ಶಬ್ದವಿಲ್ಲ, ‘ವ್ಯಕ್ತಿ’ ಎಂದಿದೆ. ಈ ಒಂದು ಶಬ್ದದ ಬಲವನ್ನು 1996ರಲ್ಲಿ ಸುಪ್ರೀಂ ಕೋರ್ಟು ಎತ್ತಿ ತೋರಿಸಿತು. ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಗಳಲ್ಲಿ ಕಪ್ತಾಯಿ ಅಣೆಕಟ್ಟಿನಿಂದ ಮನೆಮಠ ಮುಳುಗಿ, 1964ರ ಸುಮಾರಿಗೆ ಭಾರತಕ್ಕೆ ಬಂದವರು ಚಕ್ಮಾ ಜನ. ಅವರು ಅರುಣಾಚಲದಲ್ಲಿ ನೆಲೆಸಿ ಮೂವತ್ತು ವರ್ಷ ಕಳೆದ ಮೇಲೆ, ಜಾಗ ಖಾಲಿ ಮಾಡಿರೆಂಬ ಬೆದರಿಕೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಾಲಯದ ಮೊರೆಹೊಕ್ಕಿತು. ನಾಗರಿಕನಿರಲಿ, ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಪ್ರಾಣರಕ್ಷಣೆ ರಾಜ್ಯದ ಹೊಣೆಯೆಂದು ನ್ಯಾಯಾಲಯ ತೀರ್ಪಿತ್ತು, ಅವರನ್ನು ಬಲಾತ್ಕಾರದಿಂದ ಹೊರಹಾಕದಂತೆ ತಡೆಯಿತು.

ಪೌರತ್ವದ ವಿಷಯದಲ್ಲಿ ನಮ್ಮ ರಾಜ್ಯದ ಹೈಕೋರ್ಟಿನದೂ ಒಂದು ಮುಖ್ಯ ತೀರ್ಪಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂದು 1955ರ ಪೌರತ್ವ ಕಾಯಿದೆ ಹೇಳುತ್ತದೆ. ಟಿಬೆಟನ್ ಮಕ್ಕಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ 2010ರಲ್ಲಿ ದಿಲ್ಲಿ ಹೈಕೋರ್ಟು ಹೌದೆಂದಿತು. ನಾವು ಕಂಡುಬಂದ ಡ್ರೆಪುಂಗ್ ಮಠದಲ್ಲಿಯೇ ವಿದ್ಯಾಭ್ಯಾಸ ಮಾಡಿದ, 1985ರಲ್ಲಿ ಜನಿಸಿದ ಲಿಂಗ್ ರಿಂಪೋಚೆಯವರ ಮೊಕದ್ದಮೆಯಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟು ಅದೇ ಅಭಿಪ್ರಾಯ ತಳೆಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಆದರೆ ಸೂಚನೆಗೂ ಸೌಖ್ಯಕ್ಕೂ ನಡುವೆ ದೂರ ಬಹಳ. ಅಜ್ಜನವರ ಮನೆಯನ್ನೇ ನೋಡಿರಿ. ಅಜ್ಜನವರು ಟಿಬೆಟ್‌ನಲ್ಲಿ ಹುಟ್ಟಿದವರು, ನಿರಾಶ್ರಿತರು. ಅವರ ಮಗ 1974ರಲ್ಲಿ ಇಲ್ಲಿಯೇ ಹುಟ್ಟಿದವನು. ತೀರ್ಪಿನ ಪ್ರಕಾರ ನಾಗರಿಕ. ತಂದೆ ನಾಗರಿಕನೆಂದಾದರೆ, 1996ರಲ್ಲಿ ಹುಟ್ಟಿದ ಮೊಮ್ಮಗಳಿಗೂ ಆ ಹಕ್ಕು ಸಲ್ಲಬೇಕು. ಆಕೆ ನರ್ಸಿಂಗ್ ಕಲಿತಿದ್ದಾಳೆ. ಆದರೆ ಪಾಸ್‌ಪೋರ್ಟ್ ಬೇಕಾದರೆ ನೋಂದಣಿ ಪತ್ರವನ್ನು ಹಿಂದಿರುಗಿಸಬೇಕು, ನಿರಾಶ್ರಿತರ ಕ್ಯಾಂಪಿನ ವಾಸವನ್ನೂ ಸೌಲಭ್ಯಗಳನ್ನೂ ಬಿಡಬೇಕೆಂಬ ಷರತ್ತುಗಳು 2017ರಲ್ಲಿ ಬಂದವು. ತಾವು ಹುಟ್ಟಿದ ಮನೆಯನ್ನು ಬಿಟ್ಟು ಮುದಿತಂದೆಯನ್ನು ಒಬ್ಬಂಟಿ ಮಾಡಿ ಪೌರತ್ವ ಪಡೆಯಬೇಕೇ ಎಂದು ಮಗ ಹಿಂಜರಿದ. ಪಕ್ಕದ ಮನೆಯವನ ಸ್ಥಿತಿ ಇನ್ನೂ ಇಕ್ಕಟ್ಟಿನದು. ಅವನು 1990ರ ದಶಕದಲ್ಲಿ ನೇಪಾಳದ ಮೇಲೆ ನಡೆದು ಬಂದವನು. ಈ ಯಾವ ತೀರ್ಪೂ ಅವನ ನೆರವಿಗೆ ಬರದು. 2019ರ ಪೌರತ್ವ ತಿದ್ದುಪಡಿಯೂ ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ ಬಂದ ಆರು ಧರ್ಮಗಳವರಿಗೆ ಮಾತ್ರ ಸಂಬಂಧಿಸಿದ್ದು. ಇನ್ನು ಕೆಲವರು ಪೌರತ್ವವನ್ನು ಬೇಡುವುದೇ ಇಲ್ಲ. ಬೇಡಿದರೆ ತಾಯ್ನಾಡಿಗೆ ಮರಳುವ ಆಸೆಯನ್ನು ಕೈಬಿಟ್ಟಂತಾದೀತೆಂಬ ಅಳುಕು.

ದಾಂಡೇಲಿ ದಾಟಿ ಪೋಟೋಲಿ, ಗುಂದದ ಕಡೆಗೆ ತಿರುಗಿದಾಗ ದಟ್ಟ ಕಾಡು ಮುಚ್ಚಿಕೊಂಡಿತು. ಕಾಳಿ ನದಿಯ ಈ ಸೀಮೆಯನ್ನು ನೋಡಿ ಮಾವನವರು ತಮ್ಮ ವಾದವನ್ನು ಮತ್ತೆ ಎತ್ತಿಕೊಂಡರು: “ಸೂಪಾ ಡ್ಯಾಮಿನಾಗ ಮುಳುಗಿದ ಊರವರು ನಮ್ಮವರ ಅಲ್ಲೇನು? ಅವರ ಗೋಳು ಯಾರ ಕೇಳ್ಯಾರು?” ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಸೂಪಾ ಎಂಬ ತಾಲೂಕು ಸ್ಥಳವೇ ಜಲಾಶಯದ ತಳ ಸೇರಿತು; ಒಕ್ಕಲೆದ್ದವರು ರಾಮನಗರ ಮೊದಲಾದೆಡೆ ಹೋಗಿ ಹೊಸದಾಗಿ ಒಲೆ ಹೂಡಬೇಕಾಯಿತು. ದೇಶದೊಳಗೇ ನೆಲೆ ಕಳೆದುಕೊಂಡವರ ಸಂಕಟ ನಮ್ಮ ಮೊದಲ ಹೊಣೆ ಎಂಬುದು ನಿಜ. ಆದರೆ ಮುಂಡಗೋಡದ ಅಜ್ಜನಿಂದ ಕಸಿದು ಸೂಪಾದ ಅಜ್ಜನಿಗೆ ಕೊಡುವುದರಿಂದ ಈ ಹೊಣೆ ತೀರುವುದಿಲ್ಲ. ಇಬ್ಬರದೂ ಒಂದೇ ಬೇಡಿಕೆ: ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ, ಕೊಟ್ಟ ಮಾತು ಕಾಗದದಲ್ಲಿರಲಿ, ಕಚೇರಿಯಲ್ಲಿ ಮರ್ಯಾದೆಯಿಂದ ಮಾತನಾಡಿಸಲಿ.

ಹಾಗೆ ನೋಡಿದರೆ ನಮ್ಮ ನಾಡಿಗೆ ಇದು ಹೊಸತಲ್ಲ. ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರು ಭತ್ತ ಬೆಳೆಯುತ್ತಾರೆ. ಪುತ್ತೂರು, ಸುಳ್ಯಗಳ ರಬ್ಬರು ತೋಟಗಳಲ್ಲಿ, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿಸಲ್ಪಟ್ಟ ತಮಿಳರು ದುಡಿಯುತ್ತಾರೆ. ಕಲ್ಯಾಣದ ಕಾಲಕ್ಕೆ ಹೋದರಂತೂ, ಕಾಶ್ಮೀರದಿಂದ ಬಂದು ಸೌದೆ ಮಾರಿದ ಮೋಳಿಗೆಯ ಮಾರಯ್ಯ, ಸೌರಾಷ್ಟ್ರದ ಆದಯ್ಯ, ಅಫಘಾನಿಸ್ತಾನದ ಕಡೆಯವನೆಂದು ಹೇಳಲಾಗುವ ಮರುಳಶಂಕರದೇವ ಇವರೆಲ್ಲ ಹೊರಗಿನಿಂದ ಬಂದವರೇ. ಅವರನ್ನು ಅಲ್ಲಿ ಊರು ಕೇಳಿ ಹೊರಗಿಟ್ಟವರಿಲ್ಲ.

ಸಂಜೆಗೆ ಉಳವಿ ತಲುಪಿದೆವು. ಚೆನ್ನಬಸವಣ್ಣನವರ ಗದ್ದುಗೆಗೆ ಮಣಿದು, ಮರುದಿನ ಬೆಳಿಗ್ಗೆ ಮಹಾಮನೆ, ಆಕಳ ಗವಿ, ವಿಭೂತಿ ಕಣಜಗಳನ್ನು ನೋಡಲು ಕಾಡಿನೊಳಗೆ ನಡೆದೆವು. ಮಾವನವರು ಕೋಲೂರಿಕೊಂಡು ನಿಧಾನವಾಗಿ ಬಂದರು. ಗವಿಯ ಬಾಯಿಯಲ್ಲಿ ಕುಳಿತಾಗ ಮಕ್ಕಳು ಕೇಳಿದರು: “ಅಜ್ಜಾ, ಶರಣರು ಇಷ್ಟ ದೂರ ಕಾಡಿನಾಗ ಯಾಕ ಬಂದ್ರು?”

ಮಾವನವರು ಹೇಳತೊಡಗಿದರು. ಹರಳಯ್ಯ ಮಧುವಯ್ಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು, ಕಲ್ಯಾಣ ಹೊತ್ತಿ ಉರಿದದ್ದು, ವಚನಗಳ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಶರಣರು ಓಡಿದ್ದು, ಹಿಂದೆ ಸೈನ್ಯ ಬೆನ್ನಟ್ಟಿದ್ದು, ದಾರಿಯಲ್ಲಿ ಮಡಿವಾಳ ಮಾಚಯ್ಯ ಎದುರು ನಿಂತು ಕಾದಿದ್ದು, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ದೇಹ ಬಿಟ್ಟಿದ್ದು. ಪರಂಪರೆಯಿಂದ ಕೇಳಿಬಂದ ಈ ಕಥೆಯನ್ನು ಅವರು ನೂರು ಸಲ ಹೇಳಿರಬೇಕು. ಈ ಸಲ ನಡುವೆ ತಡೆದು ನಿಂತರು. ಸ್ವಲ್ಪ ಹೊತ್ತಿನ ಮೇಲೆ, “ಇವರೂ ರಾತ್ರಿನ ನಡದಿರಬೇಕು” ಎಂದರು. ಯಾರೂ ಮಾತನಾಡಲಿಲ್ಲ.

ಮುಂಡಗೋಡದಿಂದ ಹೊರಡುವಾಗ ಟಿಬೆಟನ್ ಅಜ್ಜನವರು ನಮ್ಮ ಮಾವನವರ ಕೈಯಲ್ಲಿ ನೂರು ರೂಪಾಯಿಯ ನೋಟೊಂದನ್ನು ಇಟ್ಟಿದ್ದರು. “ಉಳವಿಗೆ ಹೊಂಟೀರಿ. ಅಲ್ಲಿ ಊಟ ಹಾಕ್ತಾರಂತ. ನಂದೂ ಇರಲಿ” ಎಂದಿದ್ದರು. ದಾಸೋಹದ ಕಾಣಿಕೆ ಪಡೆಯುವ ಕಟ್ಟೆಗೆ ಮಾವನವರೇ ಹೋದರು. ಪಾವತಿ ಪುಸ್ತಕ ತೆರೆದು ಕುಳಿತಿದ್ದ ಹುಡುಗ ಹೆಸರು ಕೇಳಿದ. ಮಾವನವರು ಆ ಕಠಿಣವಾದ ಹೆಸರನ್ನು ಎರಡು ಸಲ ಬಿಡಿಸಿ ಹೇಳಿ ಬರೆಯಿಸಿದರು. ಊರು ಯಾವುದೆಂದು ಹುಡುಗ ಕೇಳಿದ. ಮಾವನವರು ಒಂದು ಕ್ಷಣವೂ ತಡೆಯದೆ, “ಮುಂಡಗೋಡ. ಜಿಲ್ಲಾ ಉತ್ತರ ಕನ್ನಡ” ಎಂದರು. ಹುಡುಗ ಬರೆದು, ಹರಿದು ಕೊಟ್ಟ.

ಮರಳುವಾಗ ಅದೇ ಸುತ್ತಿನ ದಾರಿ ಹಿಡಿಯಬೇಕೆಂದು ಮಾವನವರದೇ ಒತ್ತಾಯ. ಅಜ್ಜನವರು ವಿಭೂತಿಯನ್ನೂ ಪ್ರಸಾದವನ್ನೂ ಎರಡೂ ಕೈಯೊಡ್ಡಿ ಪಡೆದರು. ಪಾವತಿಯನ್ನು ಮೊಮ್ಮಗಳಿಂದ ಓದಿಸಿಕೊಂಡರು. ಆಮೇಲೆ ಆ ಚೀಟಿಯನ್ನು ಜೋಪಾನವಾಗಿ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ, ತಮ್ಮ ನೋಂದಣಿ ಪತ್ರದ ಜೊತೆಗೇ ಇಟ್ಟುಕೊಂಡರು.

ಈ ಸಲ ಉಳವಿಗೆ ಹೋಗುವ ಬಂಧುಗಳು ಬಿಡುವಿದ್ದರೆ ಮುಂಡಗೋಡದ ಮೇಲೆ ಹೋಗಬೇಕೆಂದು ನಮ್ಮ ಬಿನ್ನಹ. ವಿದೇಶೀಯರು ಅಲ್ಲಿ ತಂಗಬೇಕಾದರೆ ಕೇಂದ್ರ ಸರಕಾರದ ಅಪ್ಪಣೆ ಬೇಕು, ನಮಗೆ ಬೇಕಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿರಿ, ಯಾವುದಾದರೂ ಜಗಲಿಯ ಮೇಲೆ ಕುಳಿತು ಒಂದು ಗಳಿಗೆ ಮಾತನಾಡಿರಿ. ಕನ್ನಡದಲ್ಲಿಯೇ ಮಾತನಾಡಬಹುದು.